ಬೆರಳ ತುದಿಯ 98 ಹೇಳದ ಲೆಕ್ಕ

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕರ್ನಾಟಕದ ಉದ್ದಗಲಕ್ಕೂ ಒಂದು ಸಂಖ್ಯೆ ಮನೆಮಾತಾಯಿತು. ಆಶಾ ಕಾರ್ಯಕರ್ತೆಯರು ಪುಟ್ಟ ಪಲ್ಸ್ ಆಕ್ಸಿಮೀಟರ್ ಹಿಡಿದು ಬಾಗಿಲಿಗೆ ಬಂದರು, ಔಷಧದ ಅಂಗಡಿಗಳಲ್ಲಿ ಆ ಸಾಧನ ಸಿಗದೆ ಜನ ಪರದಾಡಿದರು, ಬೆರಳಿಗೆ ಸಿಕ್ಕಿಸಿದಾಗ 94ಕ್ಕಿಂತ ಕಡಿಮೆ ತೋರಿಸಿದರೆ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಅಕ್ಷರ ಬಾರದ ಅಜ್ಜಿಯರೂ ಕಲಿತರು. ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಪ್ರಾಣಬಿಟ್ಟ ಆ ದಿನಗಳಲ್ಲಿ ಈ ಸಂಖ್ಯೆಯೇ ಜೀವಕ್ಕೂ ಸಾವಿಗೂ ನಡುವಿನ ಗೆರೆಯಂತೆ ಕಂಡಿತ್ತು. ಆ ಕಲಿಕೆಯಿಂದ ಪ್ರಯೋಜನವಾದದ್ದು ನಿಜ. ಆದರೆ ಅದರ ಬೆನ್ನಿಗೇ ಒಂದು ತಪ್ಪು ತಿಳಿವಳಿಕೆಯೂ ಬಂದು ನಮ್ಮ ಮನೆಗಳಲ್ಲಿ ನೆಲೆಯೂರಿತು: ಸಾಧನದಲ್ಲಿ 98 ಕಂಡರೆ ಮೈಗೆ ಬೇಕಾದಷ್ಟು ಆಮ್ಲಜನಕ ಸಿಗುತ್ತಿದೆ ಎಂಬ ನಂಬಿಕೆ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಎದೆಬಡಿತ ಎಂದು ಹೇಳುವ ಹೆಣ್ಣುಮಗಳ ಬೆರಳಿಗೆ ಆಕ್ಸಿಮೀಟರ್ ಹಾಕಿ, 98 ಇದೆ, ಏನೂ ತೊಂದರೆಯಿಲ್ಲ ಎಂದು ಸಮಾಧಾನಪಡಿಸುವುದು ಈಗ ಸಾಮಾನ್ಯ. ಈ ಸಮಾಧಾನ ಎಷ್ಟು ಪೊಳ್ಳು ಎಂಬುದನ್ನು ತಿಳಿಯಬೇಕಾದರೆ ರಕ್ತ ಆಮ್ಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆಕ್ಸಿಮೀಟರ್ ಅಳೆಯುವುದು ಆಮ್ಲಜನಕದ ಪ್ರಮಾಣವನ್ನಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತುಕೊಂಡಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಆ ಹಿಮೋಗ್ಲೋಬಿನ್ ಒಟ್ಟು ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. ಬಾವಿಯಿಂದ ಬಂದ ಕೊಡಗಳೆಲ್ಲ ಕಂಠಮಟ್ಟ ತುಂಬಿವೆ ಎಂದು ಕೇಳಿ ತೃಪ್ತಿಪಟ್ಟವರು, ಬಂದದ್ದು ಹದಿಮೂರು ಕೊಡವೋ ಏಳು ಕೊಡವೋ ಎಂದು ಕೇಳದೆ ಹೋದರೆ ಸಂಜೆಯ ಅಡುಗೆಗೆ ನೀರು ಸಾಲುವುದೋ ಇಲ್ಲವೋ ಗೊತ್ತಾಗುವುದಿಲ್ಲ. ನಮ್ಮ ನಾಡಿನಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ, ಎಂದರೆ ಹಿಮೋಗ್ಲೋಬಿನ್‌ನ ಕೊರತೆ, ಇದೆ. ಅದರ ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ 53ರ ಆಸುಪಾಸಿನಲ್ಲಿತ್ತು. ಕರ್ನಾಟಕದ ಅಂಕಿ ದೇಶದ ಸರಾಸರಿಗಿಂತ ಕಡಿಮೆಯಾದರೂ ಸುಮಾರು ಶೇ 48. ಎಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಇವರಲ್ಲಿ ಹೆಚ್ಚಿನವರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಬರುವ ಸಂಖ್ಯೆ 97, 98 ಅಥವಾ 99.

ಆಮ್ಲಜನಕ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಸಮಸ್ಯೆ ಶುರುವಾಗುವುದು ಅಲ್ಲಿಂದಲೇ. ಶ್ವಾಸಕೋಶದಿಂದ ಹೊರಟ ಒಂದು ಲೀಟರ್ ರಕ್ತದ ದ್ರವಭಾಗದಲ್ಲಿ ಹಾಗೆಯೇ ಕರಗಿರುವ ಆಮ್ಲಜನಕ ಸುಮಾರು 3 ಮಿಲಿಲೀಟರ್ ಮಾತ್ರ. ವಿಶ್ರಾಂತಿಯಲ್ಲಿರುವ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಹಾಕುತ್ತದೆ ಎಂದಿಟ್ಟುಕೊಂಡರೆ ಕರಗಿದ ರೂಪದಲ್ಲಿ ದೇಹಕ್ಕೆ ತಲುಪುವುದು ನಿಮಿಷಕ್ಕೆ 15 ಮಿಲಿಲೀಟರ್. ಆದರೆ ಸುಮ್ಮನೆ ಕುಳಿತಿರುವ ವಯಸ್ಕರಿಗೂ ನಿಮಿಷಕ್ಕೆ 250 ಮಿಲಿಲೀಟರಿನಷ್ಟು ಬೇಕು. ಈ ಅಂತರವನ್ನು ತುಂಬುವುದು ಕೆಂಪು ರಕ್ತಕಣಗಳಲ್ಲಿ ಕಿಕ್ಕಿರಿದಿರುವ ಹಿಮೋಗ್ಲೋಬಿನ್. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ, ಪ್ರತಿ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು, ಪ್ರತಿ ಕಬ್ಬಿಣಕ್ಕೂ ಒಂದು ಆಮ್ಲಜನಕದ ಅಣು. ಈ ಕಣ ಬೆಳೆದು ರಕ್ತಕ್ಕೆ ಇಳಿಯುವ ಹೊತ್ತಿಗೆ ತನ್ನ ಕೋಶಕೇಂದ್ರವನ್ನೂ, ಆಮ್ಲಜನಕವನ್ನು ಉರಿಸಿ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳನ್ನೂ ತೊರೆದಿರುತ್ತದೆ. ಆದ್ದರಿಂದ ಹೊತ್ತ ಸರಕಿನಲ್ಲಿ ತನಗೆಂದು ಒಂದಿಷ್ಟನ್ನೂ ಬಳಸದೆ ಪೂರ್ತಿಯಾಗಿ ತಲುಪಿಸುತ್ತದೆ. ದೇಹದ ರಚನೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಸಂಗತಿಗಳಲ್ಲಿ ಇದೂ ಒಂದು.

ಹಿಮೋಗ್ಲೋಬಿನ್‌ನ ನಿಜವಾದ ಹೆಚ್ಚುಗಾರಿಕೆ ಹಿಡಿದುಕೊಳ್ಳುವುದರಲ್ಲಿಲ್ಲ, ಬೇಕಾದ ಕಡೆ ಬಿಟ್ಟುಕೊಡುವುದರಲ್ಲಿದೆ. 1930ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಈ ಅಣುವಿನ ರಚನೆಯನ್ನು ಬಿಡಿಸಲು ಕುಳಿತ ಮ್ಯಾಕ್ಸ್ ಪೆರೂಟ್ಸ್ ಅದರ ಚಿತ್ರವನ್ನು ಸ್ಪಷ್ಟವಾಗಿ ಕಂಡದ್ದು ಎರಡು ದಶಕಗಳ ನಂತರ, 1959ರಲ್ಲಿ. 1962ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಣುವಿನ ನಾಲ್ಕು ತುಂಡುಗಳು ಒಂದರ ಸ್ಥಿತಿಯನ್ನು ಇನ್ನೊಂದು ಅರಿತು ನಡೆಯುತ್ತವೆ. ಮೊದಲ ಆಮ್ಲಜನಕ ಕೂತೊಡನೆ ಇಡೀ ಅಣುವಿನ ಆಕಾರ ಕೊಂಚ ತಿರುಗಿ ಉಳಿದವು ಸುಲಭವಾಗಿ ಕೂರುತ್ತವೆ. ಒಂದು ಬಿಟ್ಟುಹೋದೊಡನೆ ಉಳಿದವೂ ಸಡಿಲವಾಗುತ್ತವೆ. ಇದರ ಫಲವಾಗಿ, ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡ 100 ಮಿಲಿಮೀಟರ್ ಪಾದರಸದಿಂದ 60ಕ್ಕೆ ಇಳಿದರೂ ಶೇ 90ರಷ್ಟು ಹಿಮೋಗ್ಲೋಬಿನ್ ತುಂಬಿಯೇ ಇರುತ್ತದೆ. ಅಂಗಾಂಶಗಳ ಮೂಲಕ ಹಾದು ಒತ್ತಡ 40ಕ್ಕೆ ಇಳಿದ ರಕ್ತದಲ್ಲಿ ತುಂಬಿರುವ ಪಾಲು ಶೇ 75. ಅಂದರೆ ವಿಶ್ರಾಂತಿಯಲ್ಲಿ ರಕ್ತ ತನ್ನ ಹೊರೆಯ ಕಾಲುಭಾಗವನ್ನಷ್ಟೇ ಇಳಿಸಿ, ಮುಕ್ಕಾಲು ಪಾಲನ್ನು ಆಪತ್ಕಾಲದ ಗಂಟಿನಂತೆ ಉಳಿಸಿಕೊಂಡು ಹಿಂದಿರುಗುತ್ತದೆ. 60ರಿಂದ ಕೆಳಗೆ ಈ ಇಳಿಜಾರು ಕಡಿದಾಗುತ್ತದೆ, ಆದ್ದರಿಂದಲೇ ಕೋವಿಡ್ ವಾರ್ಡುಗಳಲ್ಲಿ 90 ದಾಟಿ ಕೆಳಗಿಳಿದ ರೋಗಿಯನ್ನು ವೈದ್ಯರು ಅಷ್ಟು ಆತಂಕದಿಂದ ನೋಡಿದ್ದು.

ಈಗ ಲೆಕ್ಕಕ್ಕೆ ಬರೋಣ. ಪೂರ್ತಿ ತುಂಬಿದ ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು ಸುಮಾರು 1.34 ಮಿಲಿಲೀಟರ್ ಆಮ್ಲಜನಕ. ನೂರು ಮಿಲಿಲೀಟರ್ ರಕ್ತಕ್ಕೆ 13 ಗ್ರಾಂ ಹಿಮೋಗ್ಲೋಬಿನ್ ಇರುವ, ಆಕ್ಸಿಮೀಟರ್‌ನಲ್ಲಿ 98 ತೋರಿಸುವ ಮಹಿಳೆಯ ಒಂದು ಲೀಟರ್ ರಕ್ತ ಸುಮಾರು 170 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಅದೇ ಮಹಿಳೆಗೆ ಶ್ವಾಸಕೋಶದ ಸೋಂಕು ತಗುಲಿ ಸಂಖ್ಯೆ 88ಕ್ಕೆ ಇಳಿಯಿತೆನ್ನಿ. ಮನೆಯವರೆಲ್ಲ ಗಾಬರಿಯಾಗಿ ಆಂಬುಲೆನ್ಸ್ ಕರೆಸುತ್ತಾರೆ, ಕರೆಸಲೇಬೇಕು. ಆಗ ಆಕೆಯ ಒಂದು ಲೀಟರ್ ರಕ್ತದಲ್ಲಿರುವುದು ಸುಮಾರು 153 ಮಿಲಿಲೀಟರ್. ಇನ್ನೊಬ್ಬ ಮಹಿಳೆಯ ಶ್ವಾಸಕೋಶ ಆರೋಗ್ಯವಾಗಿದೆ, ಆಕ್ಸಿಮೀಟರ್ 98 ತೋರಿಸುತ್ತಿದೆ, ಆದರೆ ಹಿಮೋಗ್ಲೋಬಿನ್ 7 ಗ್ರಾಂ ಇದೆ. ಆಕೆಯ ರಕ್ತದ ಒಂದು ಲೀಟರಿನಲ್ಲಿರುವುದು 92 ಮಿಲಿಲೀಟರ್. ಆಂಬುಲೆನ್ಸ್ ಏರಿದವಳಿಗಿಂತ ಎಷ್ಟೋ ಕಡಿಮೆ ಆಮ್ಲಜನಕ ಹೊತ್ತವಳು ಬಟ್ಟೆ ಒಗೆಯುತ್ತ, ಕಳೆ ಕೀಳುತ್ತ, ಮಕ್ಕಳನ್ನು ಶಾಲೆಗೆ ಕಳಿಸುತ್ತ ಇರುತ್ತಾಳೆ, ಮತ್ತು ಆಕೆಗೆ ಏನೂ ಆಗಿಲ್ಲವೆಂದು ಬೆರಳ ತುದಿಯ ಸಾಧನ ಪ್ರಮಾಣಪತ್ರ ಕೊಡುತ್ತದೆ.

ಈ ಎರಡು ಸ್ಥಿತಿಗಳು ಪೂರ್ತಿ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 88ಕ್ಕೆ ಇಳಿದ ರೋಗಿಯ ಶ್ವಾಸಕೋಶ ಗಂಟೆಗಳಲ್ಲಿ ಇನ್ನಷ್ಟು ಕೆಡಬಹುದು, ಆದ್ದರಿಂದ ಅಲ್ಲಿ ತುರ್ತು ಹೆಚ್ಚು. ರಕ್ತಹೀನತೆ ತಿಂಗಳು, ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬರುವುದರಿಂದ ದೇಹ ಹೊಂದಿಕೊಳ್ಳುತ್ತದೆ. ಹೃದಯ ಹೆಚ್ಚು ರಕ್ತವನ್ನು ತಳ್ಳುತ್ತದೆ. ಕೆಂಪು ಕಣದೊಳಗೆ 2,3-ಬಿಪಿಜಿ ಎಂಬ ರಂಜಕದ ಸಂಯುಕ್ತ ಹೆಚ್ಚಾಗಿ ಹಿಮೋಗ್ಲೋಬಿನ್‌ನ ಹಿಡಿತವನ್ನು ಸಡಿಲಿಸುತ್ತದೆ, ಹಾಗಾಗಿ ಇರುವ ಅಲ್ಪ ಹೊರೆಯಲ್ಲೇ ಹೆಚ್ಚಿನ ಪಾಲು ಅಂಗಾಂಶಗಳಿಗೆ ಇಳಿಯುತ್ತದೆ. ಹೊಂದಾಣಿಕೆ ಎಂಬ ಮಾತು ಹಿತವಾಗಿ ಕೇಳಿಸುತ್ತದೆ. ಆದರೆ ಆಪತ್ಕಾಲಕ್ಕೆಂದು ಇಟ್ಟ ಗಂಟನ್ನು ದಿನದ ಖರ್ಚಿಗೆ ಬಿಚ್ಚುವುದೇ ಇಲ್ಲಿ ನಡೆಯುವ ಹೊಂದಾಣಿಕೆ. 7 ಗ್ರಾಂ ಇರುವವಳಿಗೆ ನಿಮಿಷಕ್ಕೆ 5 ಲೀಟರ್ ಲೆಕ್ಕದಲ್ಲಿ ಸಿಗುವುದು 460 ಮಿಲಿಲೀಟರ್. ಕುಳಿತಾಗ ಬೇಕಾದ 250ನ್ನು ಕಳೆದರೆ ಉಳಿಯುವುದು 210. ತುಂಬಿದ ಕೊಡ ಹೊತ್ತು ದಿಬ್ಬ ಏರಬೇಕಾದಾಗ ದೇಹ ಕೇಳುವುದು ಇದರ ಎಷ್ಟೋ ಪಟ್ಟು. ಹೆರಿಗೆಯಲ್ಲಿ ರಕ್ತಸ್ರಾವವಾದಾಗ ಆ ಉಳಿಕೆಯೂ ಕ್ಷಣಗಳಲ್ಲಿ ಖಾಲಿಯಾಗುತ್ತದೆ. ಆರೋಗ್ಯವಂತೆ ತಾಳಿಕೊಳ್ಳುವ ರಕ್ತನಷ್ಟವನ್ನೇ ರಕ್ತಹೀನ ಬಾಣಂತಿ ತಾಳಿಕೊಳ್ಳದೆ ಹೋಗುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಇಷ್ಟು ಕೊರತೆಯಿದ್ದೂ ಆಕೆಗೆ ಕುಳಿತಲ್ಲಿ ಉಸಿರು ಕಟ್ಟುವುದಿಲ್ಲವೇಕೆ? ಈ ಪ್ರಶ್ನೆಗೆ ಉತ್ತರ ಇಂಗಾಲದ ಡೈಆಕ್ಸೈಡಿನ ಸಾಗಣೆಯಲ್ಲಿದೆ. ಉಸಿರಾಟದ ಪಾಠದಲ್ಲಿ ಇದನ್ನು ಹೊರಹಾಕಬೇಕಾದ ಕಸವೆಂದು ಹೇಳಿ ಮುಗಿಸುತ್ತೇವೆ, ಅದು ಅನ್ಯಾಯ. ದೇಹ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸುತ್ತದೆ. ಅದು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಸುಲಭವಾಗಿ ನೀರಿನಲ್ಲಿ ಕರಗುತ್ತದೆ. ಆದರೂ ರಕ್ತ ಅದನ್ನು ಬರೀ ಕರಗಿಸಿ ಒಯ್ಯುವುದಿಲ್ಲ: ಕರಗಿದ ರೂಪದಲ್ಲಿ ಸಾಗುವುದು ಹತ್ತರಲ್ಲಿ ಒಂದು ಪಾಲಿಗೂ ಕೊಂಚ ಕಡಿಮೆ, ಐದರಲ್ಲಿ ಒಂದು ಪಾಲಿನಷ್ಟು ಹಿಮೋಗ್ಲೋಬಿನ್‌ನ ಪ್ರೋಟೀನ್ ಭಾಗಕ್ಕೆ ಅಂಟಿಕೊಂಡು ಸಾಗುತ್ತದೆ. ಉಳಿದ ಸುಮಾರು ಶೇ 70ರಷ್ಟು ಬೈಕಾರ್ಬನೇಟ್ ಆಗಿ ಮಾರ್ಪಟ್ಟು ಪ್ರಯಾಣ ಮಾಡುತ್ತದೆ. ನೀರಿನೊಡನೆ ಅದು ಕೂಡುವ ಕ್ರಿಯೆ ತಾನಾಗಿ ನಡೆದರೆ ತೀರ ನಿಧಾನ. ರಕ್ತ ಅಂಗಾಂಶಗಳೊಳಗಿನ ಅತಿ ಸಣ್ಣ ರಕ್ತನಾಳವಾದ ಲೋಮನಾಳದಲ್ಲಿ ಇರುವುದು ಒಂದು ಸೆಕೆಂಡಿನಷ್ಟು ಹೊತ್ತು, ಅಷ್ಟರೊಳಗೆ ಕೆಲಸ ಮುಗಿಯಬೇಕಾದರೆ ಕೆಂಪು ಕಣದಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಬೇಕು. ಅದರ ಒಂದೇ ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಬಾರಿ ಈ ಕ್ರಿಯೆಯನ್ನು ನಡೆಸಬಲ್ಲದು. ಹುಟ್ಟಿದ ಬೈಕಾರ್ಬನೇಟ್ ಕಣದಿಂದ ಹೊರಬಂದು ರಕ್ತದ ದ್ರವಭಾಗವನ್ನು ಸೇರುತ್ತದೆ, ಅದರ ಜಾಗಕ್ಕೆ ಕ್ಲೋರೈಡ್ ಒಳಗೆ ಹೋಗುತ್ತದೆ.

ಈ ಕ್ರಿಯೆಯಲ್ಲಿ ಬೈಕಾರ್ಬನೇಟಿನ ಜೊತೆಗೇ ಆಮ್ಲೀಯತೆಯೂ ಹುಟ್ಟುತ್ತದೆ, ಅದನ್ನು ಹೀರಿಕೊಳ್ಳುವುದೂ ಹಿಮೋಗ್ಲೋಬಿನ್ನೇ. ಹೀಗೆ ಹೀರಿಕೊಳ್ಳುವಾಗ ಅದರ ಆಮ್ಲಜನಕದ ಹಿಡಿತ ಸಡಿಲವಾಗುತ್ತದೆ. 1904ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟ ಈ ಗುಣದಿಂದಾಗಿ, ಹೆಚ್ಚು ದುಡಿದು ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ಸ್ನಾಯುವಿಗೆ ಹೆಚ್ಚು ಆಮ್ಲಜನಕ ತಾನಾಗಿಯೇ ಇಳಿಯುತ್ತದೆ. ಎಲ್ಲಿಗೆ ಎಷ್ಟು ಎಂದು ಯಾರೂ ಆಜ್ಞೆ ಕೊಡಬೇಕಿಲ್ಲ. ಹತ್ತು ವರ್ಷಗಳ ನಂತರ ಹಾಲ್ಡೇನ್ ಮತ್ತು ಜೊತೆಗಾರರು ಇದರ ಮರುಮಗ್ಗುಲನ್ನು ಕಂಡುಕೊಂಡರು: ಆಮ್ಲಜನಕ ಕಳಚಿಕೊಂಡ ಹಿಮೋಗ್ಲೋಬಿನ್ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರುತ್ತದೆ, ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಕೂತೊಡನೆ ಅದನ್ನು ಬಿಟ್ಟುಕೊಡುತ್ತದೆ. ಹೋಗುವಾಗಿನ ಹೊರೆ ಬರುವಾಗಿನ ಹೊರೆಗೆ ತಾನೇ ಜಾಗ ಮಾಡಿಕೊಡುವ ಏರ್ಪಾಡು ಇದು.

ಈಗ ಉಸಿರಾಟದ ಎಚ್ಚರಿಕೆಯ ಗಂಟೆಗೆ ಬರೋಣ. ಉಸಿರು ಕಟ್ಟುತ್ತಿದೆ ಎಂಬ ಸಂಕಟವನ್ನು ಹುಟ್ಟಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡಿನ ಏರಿಕೆ; ಮಿದುಳಿನ ಬುಡದಲ್ಲಿರುವ ಸಂವೇದಕಗಳು ಅದರಿಂದ ಬರುವ ಆಮ್ಲೀಯತೆಯನ್ನು ಗುರುತಿಸುತ್ತವೆ. ಆಮ್ಲಜನಕಕ್ಕೂ ಕತ್ತಿನ ಅಪಧಮನಿಗಳ ಬಳಿ ಪುಟ್ಟ ಸಂವೇದಕಗಳಿವೆ, ಆದರೆ ಅವು ಗಮನಿಸುವುದು ಕರಗಿದ ಆಮ್ಲಜನಕದ ಒತ್ತಡವನ್ನೇ ಹೊರತು ರಕ್ತ ಹೊತ್ತ ಒಟ್ಟು ಪ್ರಮಾಣವನ್ನಲ್ಲ. ಕೋವಿಡ್ ಕಾಲದಲ್ಲಿ ಸಂಖ್ಯೆ 80ರ ಆಸುಪಾಸಿಗೆ ಇಳಿದಿದ್ದರೂ ಫೋನಿನಲ್ಲಿ ಮಾತನಾಡುತ್ತ ಕುಳಿತಿದ್ದ ರೋಗಿಗಳನ್ನು ಕಂಡು ವೈದ್ಯರು ಬೆರಗಾದರು. ಕೆಟ್ಟ ಶ್ವಾಸಕೋಶದಲ್ಲೂ ಇಂಗಾಲದ ಡೈಆಕ್ಸೈಡ್ ಸುಲಭವಾಗಿ ಹೊರಬೀಳುತ್ತಿದ್ದುದರಿಂದ ಮಿದುಳಿನ ಗಂಟೆ ಬಡಿಯಲಿಲ್ಲ ಎಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಈಜುವ ಮುನ್ನ ಜೋರಾಗಿ ಉಸಿರಾಡಿ ನೀರಿಗೆ ಧುಮುಕುವ ಹುಡುಗರು ಯಾವ ಮುನ್ಸೂಚನೆಯೂ ಇಲ್ಲದೆ ನೀರಿನೊಳಗೆ ಪ್ರಜ್ಞೆ ತಪ್ಪುವುದೂ ಹೀಗೆಯೇ.

ರಕ್ತಹೀನತೆಯಲ್ಲಿ ಎರಡೂ ಗಂಟೆಗಳು ಸುಮ್ಮನಿರುತ್ತವೆ. ಬೈಕಾರ್ಬನೇಟಿನ ಹೆಚ್ಚಿನ ಭಾಗ ದ್ರವಭಾಗದಲ್ಲೇ ಸಾಗುವುದರಿಂದ ಇಂಗಾಲದ ಡೈಆಕ್ಸೈಡ್ ತಡೆಯಿಲ್ಲದೆ ಹೊರಹೋಗುತ್ತದೆ; ಶ್ವಾಸಕೋಶ ಚೆನ್ನಾಗಿರುವುದರಿಂದ ಕರಗಿದ ಆಮ್ಲಜನಕದ ಒತ್ತಡವೂ ಸರಿಯಾಗಿಯೇ ಇರುತ್ತದೆ. ಇನ್ನು ತುಟಿ, ಉಗುರು ನೀಲಿಗಟ್ಟುವುದನ್ನು ನೋಡೋಣವೆಂದರೆ, ನೀಲಿ ಕಾಣಬೇಕಾದರೆ ನೂರು ಮಿಲಿಲೀಟರಿಗೆ ಸುಮಾರು 5 ಗ್ರಾಂ ಹಿಮೋಗ್ಲೋಬಿನ್ ಆಮ್ಲಜನಕ ಕಳಚಿಕೊಂಡಿರಬೇಕು. ಒಟ್ಟು ಇರುವುದೇ 6–7 ಗ್ರಾಂ ಆದವರಲ್ಲಿ ಅದು ಕಾಣಿಸಿಕೊಳ್ಳುವುದು ತೀರ ಅಪರೂಪ. ಸಾಧನ ಮೌನ, ಉಸಿರು ಮೌನ, ಮೈಬಣ್ಣದಲ್ಲೂ ಬರೀ ಬಿಳಿಚಿಕೊಂಡ ಛಾಯೆ. ಹೀಗಿರುವಾಗ ಆಕೆ ತಾನೇ ಬಾಯಿಬಿಟ್ಟು ಹೇಳುವ ಸುಸ್ತು ಎಂಬ ಒಂದೇ ಮಾತು ಉಳಿಯುತ್ತದೆ. ಹೆಣ್ಣುಮಕ್ಕಳ ಸುಸ್ತನ್ನು ಸೋಮಾರಿತನವೆಂದೋ ಮನಸ್ಸಿನ ಬೇಸರವೆಂದೋ ತಳ್ಳಿಹಾಕುವ ಮನೆಗಳಲ್ಲಿ ಆ ಮಾತಿಗೂ ಬೆಲೆ ಸಿಗುವುದಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ.

ಆಕ್ಸಿಮೀಟರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಜಪಾನಿನ ತಕುವೊ ಅಓಯಾಗಿ 1970ರ ದಶಕದ ಮೊದಲರ್ಧದಲ್ಲಿ ಅದರ ತತ್ವವನ್ನು ಕಂಡುಕೊಂಡರು: ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿ ಬಡಿದಂತೆಲ್ಲ ಏರಿಳಿಯುವ ಭಾಗವನ್ನು ಮಾತ್ರ ಆಯ್ದು, ತುಂಬಿದ ಹಿಮೋಗ್ಲೋಬಿನ್‌ಗೂ ಖಾಲಿ ಹಿಮೋಗ್ಲೋಬಿನ್‌ಗೂ ಇರುವ ಬಣ್ಣದ ವ್ಯತ್ಯಾಸದಿಂದ ಶೇಕಡವಾರು ಲೆಕ್ಕ ಹಾಕುವುದು. ಇಡೀ ಜಗತ್ತು ಆ ಸಾಧನಕ್ಕಾಗಿ ಕೈಚಾಚಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಆದರೆ ಬಣ್ಣವನ್ನು ನಂಬಿದ ಅಳತೆಗೆ ಬಣ್ಣದ್ದೇ ಮಿತಿಗಳಿವೆ. ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟುತ್ತದೆ, ಮತ್ತು ಹಾಗೆ ಅಂಟಿದ ರಕ್ತವೂ ಕೆಂಪಾಗಿಯೇ ಕಾಣುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಕುಸಿದುಬಿದ್ದವರ ಬೆರಳಿನಲ್ಲಿ ಸಾಮಾನ್ಯ ಆಕ್ಸಿಮೀಟರ್ 98 ತೋರಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಸಂಖ್ಯೆ ಇರುವುದಕ್ಕಿಂತ ಹೆಚ್ಚು ಬರುವ ಸಾಧ್ಯತೆಯೂ ಇದೆ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನ 92ರಿಂದ 96 ತೋರಿಸಿದರೂ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಕಂಡುಬಂದವು. ಬಗೆಬಗೆಯ ಮೈಬಣ್ಣದ ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು.

ಹಿಮೋಗ್ಲೋಬಿನ್ ಅಳೆಯುವುದರಲ್ಲೂ ತಕರಾರಿದೆ. ಕುಟುಂಬ ಆರೋಗ್ಯ ಸಮೀಕ್ಷೆಗಳು ಬೆರಳು ಚುಚ್ಚಿ ತೆಗೆದ ಹನಿ ರಕ್ತವನ್ನು ಪರೀಕ್ಷಿಸಿದವು. ಬೆರಳನ್ನು ಹಿಂಡಿದಾಗ ಅಂಗಾಂಶದ ದ್ರವವೂ ಬೆರೆತು ಫಲಿತಾಂಶ ಏರುಪೇರಾಗಬಹುದು. 2016–18ರಲ್ಲಿ ಮಕ್ಕಳ ತೋಳಿನ ರಕ್ತನಾಳದಿಂದ ರಕ್ತ ತೆಗೆದು ನಡೆಸಿದ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳ ರಕ್ತಹೀನತೆ ಶೇ 41 ಎಂದು ಬಂತು. ಅದಕ್ಕೆ ಸ್ವಲ್ಪವೇ ಮುಂಚಿನ ಕುಟುಂಬ ಸಮೀಕ್ಷೆ ಐದು ವರ್ಷದೊಳಗಿನವರಲ್ಲಿ ಶೇ 58ಕ್ಕೂ ಹೆಚ್ಚು ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2024ರಲ್ಲಿ ರಕ್ತಹೀನತೆಯನ್ನು ಗುರುತಿಸುವ ತನ್ನ ಹಿಮೋಗ್ಲೋಬಿನ್ ಮಿತಿಗಳನ್ನು ಪರಿಷ್ಕರಿಸಿ ರಕ್ತನಾಳದ ರಕ್ತವನ್ನೇ ಪರೀಕ್ಷಿಸುವುದು ಮೇಲೆಂದು ಹೇಳಿತು. ಆದ್ದರಿಂದ ಅಳತೆಯನ್ನು ಸರಿಪಡಿಸಬೇಕೆಂಬ ವಾದ ನ್ಯಾಯವಾದದ್ದೇ. ಆದರೆ ಕುಟುಂಬ ಸಮೀಕ್ಷೆಯ ಆರನೆಯ ಸುತ್ತಿನಿಂದ ಈ ಪರೀಕ್ಷೆಯನ್ನೇ ಕೈಬಿಟ್ಟು ಬೇರೊಂದು ಸಮೀಕ್ಷೆಗೆ ವಹಿಸಿದ್ದರಿಂದ, ಎರಡು ದಶಕಗಳ ಸರಣಿ ಮುರಿದುಬಿದ್ದು ಹಳೆಯದರೊಂದಿಗೆ ಹೊಸದನ್ನು ಹೋಲಿಸುವ ದಾರಿ ಕಡಿದಂತಾಯಿತು. ಕೆಲವು ವರ್ಷವಾದರೂ ಎರಡೂ ವಿಧಾನಗಳನ್ನು ಜೊತೆಜೊತೆಯಾಗಿ ನಡೆಸಬೇಕಿತ್ತೆಂಬುದು ನನ್ನ ಅಭಿಪ್ರಾಯ. ಮಿತಿಯ ಗೆರೆಯನ್ನು ಎಲ್ಲಿ ಎಳೆದರೂ 7 ಗ್ರಾಂ ಇರುವವಳು ಅದರ ಕೆಳಗೇ ಇರುತ್ತಾಳೆ.

ಕೊರತೆ ಕಂಡುಬಂದ ಕಡೆಯಲ್ಲೆಲ್ಲ ಕಬ್ಬಿಣದ ಮಾತ್ರೆಯೊಂದೇ ಮದ್ದಲ್ಲ. ಬಿ12 ಮತ್ತು ಫೋಲಿಕ್ ಆಮ್ಲದ ಕೊರತೆ, ಕೊಕ್ಕೆಹುಳು, ಅತಿಯಾದ ಮುಟ್ಟಿನ ಸ್ರಾವ, ಥಲಸ್ಸೀಮಿಯದಂತಹ ಆನುವಂಶಿಕ ಕಾರಣಗಳೂ ಇವೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಹಿಮೋಗ್ಲೋಬಿನ್ ಅಣುವೇ ಬದಲಾಗಿರುವ ಕುಡಗೋಲು ಕಣ ರೋಗವಿದೆ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ಈ ರೋಗಕ್ಕೆಂದೇ ಇರುವಂಥದ್ದು. ಆದರೂ ಹೆಚ್ಚಿನ ಗರ್ಭಿಣಿಯರ ಮಟ್ಟಿಗೆ ಕಬ್ಬಿಣವೇ ಮೊದಲ ಪ್ರಶ್ನೆ. ಮಾತ್ರೆ ನುಂಗಿದ ಬೆನ್ನಿಗೇ ಚಹಾ ಅಥವಾ ಕಾಫಿ ಕುಡಿದರೆ ಕಬ್ಬಿಣ ಹೀರಿಕೆಯಾಗುವುದು ತೀರ ಕಡಿಮೆಯಾಗುತ್ತದೆ, ನಿಂಬೆಹಣ್ಣಿನ ರಸದೊಂದಿಗೆ ತೆಗೆದುಕೊಂಡರೆ ಹೆಚ್ಚಾಗುತ್ತದೆ ಎಂಬ ಇಷ್ಟು ಸಣ್ಣ ಮಾತನ್ನು ಮಾತ್ರೆ ಕೊಡುವವರು ಪ್ರತಿಸಲವೂ ಹೇಳಬೇಕು.

ಆಮ್ಲಜನಕದ ಸಿಲಿಂಡರ್ ಈ ಕೊರತೆಯನ್ನು ತುಂಬಲಾರದು. ಶುದ್ಧ ಆಮ್ಲಜನಕವನ್ನೇ ಉಸಿರಾಡಿಸಿದರೂ ಕರಗಿದ ಪಾಲು ಲೀಟರಿಗೆ 20 ಮಿಲಿಲೀಟರಿನಷ್ಟಕ್ಕೆ ಏರೀತು. 98 ಇದ್ದದ್ದು 100 ಆಗುತ್ತದೆ, ಹೊರುವ ಕಣಗಳು ಇದ್ದಷ್ಟೇ ಇರುತ್ತವೆ. ಹೊಸ ಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಬೇಕು. ಒಂದು ಕಣದ ಆಯುಷ್ಯ ಸುಮಾರು 120 ದಿನ, ಮಾತ್ರೆಗಳಿಂದ ಹಿಮೋಗ್ಲೋಬಿನ್ ತಿಂಗಳಿಗೆ ಒಂದರಿಂದ ಎರಡು ಗ್ರಾಂ ಏರಿದರೆ ಅದು ಒಳ್ಳೆಯ ಫಲ. ಮೂರನೆಯ ತಿಂಗಳಲ್ಲಿ 7 ಗ್ರಾಂ ಎಂದು ಗೊತ್ತಾದ ಗರ್ಭಿಣಿಗೆ ಹೆರಿಗೆಯ ಹೊತ್ತಿಗೆ 11 ಮುಟ್ಟಲು ಸಮಯವಿದೆ. ಎಂಟನೆಯ ತಿಂಗಳಲ್ಲಿ ಗೊತ್ತಾದವಳಿಗೆ ಮಾತ್ರೆಯ ದಾರಿ ಮುಚ್ಚಿದಂತೆಯೇ. ನಾಳಕ್ಕೆ ಕಬ್ಬಿಣದ ಚುಚ್ಚುಮದ್ದು ಬೇಕು, ಪರಿಸ್ಥಿತಿ ಬಿಗಡಾಯಿಸಿದರೆ ರಕ್ತವನ್ನೇ ಕೊಡಬೇಕು, ಮತ್ತು ಆ ರಕ್ತ ಆಕೆಯ ತಾಲ್ಲೂಕಿನಲ್ಲಿ ಆ ರಾತ್ರಿ ಸಿಗಬೇಕು. ಮೂರನೆಯ ತಿಂಗಳಿಗೂ ಎಂಟನೆಯ ತಿಂಗಳಿಗೂ ನಡುವೆ ಆಕೆ ಸುಸ್ತು ಎಂದು ಹೇಳಿಕೊಂಡ ಅಷ್ಟೂ ಸಲ ಬೆರಳಿಗೆ ಸಿಕ್ಕಿಸಿದ ಸಾಧನ 98 ಎಂದೇ ತೋರಿಸಿರುತ್ತದೆ.